ಮುಕ್ಕುಂದದ ಮಾಬುಬಿಗೆ ಬಂದ ಇಲ್ಮು, ನನಗ ಬಂದ ಹೊಟ್ಟಿಕಿಚ್ಚು

ನಿಮಗ ಎಂದರ ಹಿಂಗ ಆಗೇತೇನ್ರಿ? ನೀವು ಏಳು ವರ್ಷ ಕುಂತು, ಬೈಸಿಕೊಂಡು, ಕಣ್ಣು ಕೆಡಿಸಿಕೊಂಡು ಒಂದು ಕೆಲಸ ಕಲ್ತಿರ್ತೀರಿ. ಬಾಜೂಕ ಒಬ್ಬಾಕಿ ಬಂದು ಕುಂದರ್ತಾಳ. ಒಂದು ಅಕ್ಷರ ಬರಿಯಾಕ ಬರಲಾರದಾಕಿ. ಆಕಿ ನಿಮಗಿಂತ ಚಂದ ಆ ಕೆಲಸ ಮಾಡ್ತಾಳ. ಮ್ಯಾಲೆ ಮಂದಿ ನಿಮ್ಮ ಮಾರಿ ಮುಂದನ ಬಂದು, "ಆಕಿಗೆ ದೇವರು ಕೊಟ್ಟಾನ ಬಿಡ್ರಿ" ಅಂತಾರ. ಆವಾಗ ಹೊಟ್ಟ್ಯಾಗ ಏನರ ಆಗೇತೋ ಇಲ್ಲೋ? ಖರೇ ಹೇಳ್ರಿ. ನನಗಂತೂ ಆಗೇತಿ. ವರ್ಷಗಟ್ಟಲೆ ಆಗೇತಿ.

ನಾ ಶಾಹಿದಾ. ಇಪ್ಪತ್ತಾರು ವರ್ಷ ಮಕ್ತಬ್‌ದಾಗ ಕಲಿಸೀನಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಮಕ್ತಬ್ ಅಂದ್ರ ದೊಡ್ಡ ಕಾಲೇಜೇನಲ್ಲ, ಮಸೀದಿ ಬಾಜೂಕ ಒಂದು ಖೋಲಿ. ಮಕ್ಕಳು ಶಾಲಿಗೆ ಹೋಗೂಕಿಂತ ಮುಂಚೆ ಒಂದು ತಾಸು, ಶಾಲಿ ಬಿಟ್ಟ ಮ್ಯಾಲೆ ಒಂದು ತಾಸು ಬರ್ತಾರ. ಅರಬಿ ಅಕ್ಷರ, ಕುರಾನ್ ಓದೂದು, ನಮಾಜು, ನಬಿಗಳ ಅಂದ್ರ ಪ್ರವಾದಿಗಳ ಕಥಿ, ಇಷ್ಟು ಕಲಿಸೂದು. ದಿನದ ಪಾಠಕ್ಕ ಸಬಕ್ ಅಂತೀವಿ. ಹೆಣ್ಮಕ್ಕಳಿಗೆ ಕಲಿಸಾಕಿ ನಾನು, ಹಂಗಾಗಿ ಎಲ್ಲಾರಿಗೂ 'ಆಪಾ', ಅಂದ್ರ ಅಕ್ಕ. ಲಿಂಗಸುಗೂರಾಗ ಚಾಲೂ ಮಾಡಿದೆ. ಮದುವಿ ಆಗಿ ಮಸ್ಕಿಗೆ ಬಂದೆ. ಮನಿಯವರು ಸಿಂಧನೂರಾಗ ಅಂಗಡಿ ಇಟ್ರು, ನಾನೂ ಗಂಟು ಕಟ್ಟಿದೆ. ಹೋದ ವರ್ಷ ಗಂಟಲು ಕೈಕೊಡ್ತು. ಡಾಕ್ಟರು, "ಒದರೂದು ಬಿಡ್ರಿ, ಇಲ್ಲಾಂದ್ರ ಮಾತಾಡೂದ ಬಿಡಬೇಕಾಗ್ತೈತಿ" ಅಂದ್ರು. ಐವತ್ತೊಂದನೇ ವರ್ಷಕ್ಕ ರಿಟೈರ್. ಪಿನ್ಶನ್ ಇಲ್ಲ, ಹಾರ ತುರಾಯಿ ಇಲ್ಲ.

ನನ್ನ ಕಡಿ ಕಲ್ತ ಹುಡುಗ್ಯಾರು ಮೂರು ಮಂದಿ ಈಗ ತಾವು ಆಪಾ ಆಗ್ಯಾರ. "ಆಪಾ, ನಿಮ್ಮ ಅನುಭವ ಬರೀರಿ, ನಮಗ ಉಪಯೋಗ ಆಗ್ತೈತಿ" ಅಂತ ದಿನಾ ಮೆಸೇಜ್ ಹಾಕಾಕತ್ತಾರ. ಅದಕ್ಕ ಬರಿಯಾಕತ್ತೀನಿ. ಉರ್ದುದಾಗ ಯಾಕ ಬರೀಲಿಲ್ಲ ಅಂತ ಕೇಳಬ್ಯಾಡ್ರಿ. ಅವರು ಕಲ್ತದ್ದೆಲ್ಲಾ ಕನ್ನಡ ಶಾಲ್ಯಾಗ. ನನಗೂ ಫೋನಿನಾಗ ಇದ ಸಲೀಸು.

ಮೊದಲು ನನ್ನ ಮೊದಲನೇ ಘಾತ ಹೇಳ್ತೀನಿ.

ಲಿಂಗಸುಗೂರಾಗ ನನ್ನ ಮ್ಯಾಲೆ ಒಬ್ರು ಹಾಫಿಜ್ಜಿ ಇದ್ರು. ಕುರಾನ್ ಪೂರಾ ಬಾಯಿಪಾಠ ಅವರಿಗೆ. ಕಣ್ಣು ಮುಚ್ಕೊಂಡು ಚಹಾದ ಕಪ್ಪು ಮುಂದಿಟ್ಕೊಂಡು ಕುಂತಿರ್ತಿದ್ರು. ನಾವು ಮಲಗ್ಯಾರ ಅನ್ಕೊಂಡಿರ್ತಿದ್ದಿವಿ. ಮೂಲ್ಯಾಗ ಒಂದು ಹುಡುಗಿ ಒಂದು ಅಕ್ಷರ ಉದ್ದ ಎಳದ್ರ, "ಹಾಂ" ಅಂತಿದ್ರು. ನಾ ಸೇರಿ ಒಂದು ವಾರ ಆಗಿತ್ತು. ನಮ್ಮ ಆಖರಿ ನಬಿಗೆ ಮೊದಲನೇ ಸಲ ದೇವರ ಮಾತು ಬಂದ ಕಥಿ ಹೇಳಿದ್ದೆ. ಗುಡ್ಡದ ಗವಿ, ದೇವರ ದೂತ ಜಿಬ್ರೀಲ್ ಫರಿಸ್ತೆ ಬಂದು 'ಓದು' ಅಂದದ್ದು, 'ನನಗ ಓದಾಕ ಬರೂದಿಲ್ಲ' ಅಂತ ನಬಿ ಅಂದದ್ದು, ಆಮ್ಯಾಲೆ ನಡಗಕೋತ ಮನಿಗೆ ಬಂದು ಕಂಬಳಿ ಹೊದಿಸ್ರಿ ಅಂದದ್ದು. ಒಂದು ಹುಡುಗಿ ಕೈ ಎತ್ತಿ ಕೇಳಿದ್ಲು, "ಆಪಾ, ನಮಗ್ಯಾಕ ಹಂಗ ಕೇಳಸೂದಿಲ್ಲ?"

ನನಗ ಜವಾಬು ಗೊತ್ತಿದ್ದಿಲ್ಲ ಅಂತಲ್ಲ. ಹೆಂಗ ಹೇಳಬೇಕು ಅನ್ನೂದು ಗೊತ್ತಿದ್ದಿಲ್ಲ. ಹೊಸಾ ಆಪಾ, ಗೊತ್ತಿಲ್ಲ ಅಂದ್ರ ಮರ್ಯಾದಿ ಹೋಗ್ತೈತಿ ಅಂತ, ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ದಿನಾ ಸಬಕ್ ಚಂದ ಮಾಡು, ನಿನಗೂ ಕೇಳಸ್ತೈತಿ."

ಮರುದಿನ ಆ ಹುಡುಗಿ ಬರಲಿಲ್ಲ. ಅವರವ್ವ ಬಂದ್ಲು. "ಏನ್ ಕಲಸೀರಿ ಆಪಾ? ನನ್ನ ಮಗಳು ಮುಂಜಾನಿಯಿಂದ ಕಂಬಳಿ ಹೊದಕೊಂಡು ಕುಂತಾಳ. ಹೊರಗ ಬಾ ಅಂದ್ರ, 'ಸುಮ್ನಿರು ಅಮ್ಮಿ, ಸಪ್ಪಳ ಮಾಡಿದ್ರ ಬರೂದಿಲ್ಲ' ಅಂತಾಳ." ಅದು ಲಿಂಗಸುಗೂರು ಬ್ಯಾಸಗಿ. ಫ್ಯಾನ್ ಕೆಳಗ ಕುಂತ್ರೂ ಬೆವರು ಇಳಿಯೂ ಹೊತ್ತು.

ಹಾಫಿಜ್ಜಿ ಮೊದಲು ನಕ್ರು. ಆಕಿ ಹೋದ ಮ್ಯಾಲೆ ನಗು ನಿಂತಿತು. "ಓದಿ ಓದಿ ನಬಿ ಆಗಾಕ ಬರ್ತೈತೇನು ಬೇ? ಅದು ಪಾಸ್ ಆಗೂ ಪರೀಕ್ಷೇನು? ದೇವರು ಆರಿಸಿಕೊಂಡವರಿಗೆ ಕೊಟ್ಟದ್ದದು. ಬೇಡಿದ್ರ ಸಿಗೂದಿಲ್ಲ, ದುಡದ್ರ ಸಿಗೂದಿಲ್ಲ. ಆಖರಿ ನಬಿ ಬಂದು ಹೋದ್ರು, ಆ ಬಾಗಲಾ ಮುಚ್ತು. ನೀ ನಿನ್ನೆ ಒಂದು ಕೂಸಿಗೆ ಆ ಬಾಗಲಾ ತಗದೈತಿ ಅಂತ ಹೇಳಿದಿ." ನಾ ತಲಿ ಕೆಳಗ ಹಾಕಿದೆ. "ನಬಿಗೆ ಮಂದಿ ಸವಾಲು ಕೇಳಿದ್ರ, ಜವಾಬು ಬರೂತನಕ ಸುಮ್ನ ಕಾಯ್ತಿದ್ರು. ದಿನಗಟ್ಟಲೆ ಕಾದಾರ. ನಿನಗ ಒಂದು ನಿಮಿಷ ಸುಮ್ನ ಕೂಡಾಕ ಏನಾಗಿತ್ತು?"

ಹೊಸಾ ಆಪಾಗಳಿಗೆ ನಾ ಹೇಳೂ ಮೊದಲನೇ ಮಾತು ಇದ. ಗೊತ್ತಿಲ್ಲ ಅನ್ರಿ. ನಾ ಮಾತ್ರ ಅದನ್ನ ಕಲ್ತದ್ದು ಭಾಳ ತಡ ಆಗಿ.

ಮಸ್ಕ್ಯಾಗ ನಮ್ಮ ಮಕ್ತಬ್ ಖೋಲಿ ಗ್ವಾಡಿಗೆ ಹತ್ತಿ ಹನುಮಪ್ಪ ಅನ್ನಾವನ ಮನಿ ಇತ್ತು. ಕುರಿ ಸಾಕಿದಾತ. ನಾ ಕಥಿ ಹೇಳಿದ್ರ ಆತ ಆ ಕಡಿಯಿಂದ ಕೇಳ್ತಿದ್ದ. ಒಂದು ದಿನ ದಾವೂದ್ ನಬಿ, ಅವರ ಮಗ ಸುಲೈಮಾನ್ ನಬಿ ಕಥಿ ಹೇಳಾಕತ್ತಿದ್ದೆ. ಒಬ್ಬನ ಕುರಿ ಇನ್ನೊಬ್ಬನ ಹೊಲ ಹೊಕ್ಕು ಬೆಳಿ ತಿಂದು ಹಾಕ್ಯಾವ. ಪಂಚಾಯ್ತಿ ದಾವೂದರ ಕಡಿ ಬಂತು. ದಾವೂದರು ಕುರಿ ಹೊಲದಾವಗ ಕೊಟ್ಟುಬಿಡ್ರಿ ಅಂದ್ರು. ಮಗ ಸಣ್ಣಾವ. ಅಂವ ಅಂದ, ಕುರಿ ಹೊಲದಾವನ ಕಡಿ ಇರ್ಲಿ, ಹಾಲು, ಉಣ್ಣೆ ಅವನ ತಗೊಳ್ಳಿ. ಕುರಿಯವ ಹೊಲ ಮಾಡಿ ಮೊದಲಿನಂಗ ಬೆಳಿ ತರ್ಲಿ, ತಂದ ಮ್ಯಾಲೆ ಕುರಿ ಕುರಿಯವಗ, ಹೊಲ ಹೊಲದವಗ.

ಸಂಜಿಕೆ ಹನುಮಪ್ಪ ಬಾಗಲಾಗ ನಿಂತಿದ್ದ.

"ಆಪಾ, ಆ ಹುಡುಗ ಯಾರ್ರಿ?"

"ಸುಲೈಮಾನ್ ನಬಿ. ದೇವರು ಅವರಿಗೆ ತಿಳುವಳಿಕಿ ಕೊಟ್ಟಿದ್ದ."

"ಕೊಟ್ಟಿರಬೇಕು ಬಿಡ್ರಿ. ಅಪ್ಪ ಹೊಲ ಅಷ್ಟ ನೋಡ್ಯಾನ. ಹುಡುಗ ಕುರಿನೂ ನೋಡ್ಯಾನ. ಕುರಿ ಹೋದ್ರ ನಮ್ಮಂಥಾವ ಏನು ತಿನ್ನಬೇಕ್ರಿ? ಕುರಿ ಕಾಯ್ದಾನೇನ್ರಿ ಆ ಹುಡುಗ?"

"ನಬಿಗಳೆಲ್ಲಾ ಒಂದಿಲ್ಲೊಂದು ದಿನ ಕುರಿ ಕಾಯ್ದವರ ಅಂತಾರ ನಮ್ಮಲ್ಲಿ."

"ಅಂಗಾರ ಚಲೋ ಮಂದಿ," ಅಂದ. "ಅಪ್ಪಗ ಸಿಟ್ಟು ಬರ್ಲಿಲ್ಲೇನ್ರಿ? ಮಂದಿ ಮುಂದ ಮಗ ಮಾತು ತೆಗದು ಹಾಕಿದ್ರ?"

ನಾ ನಕ್ಕು, "ಬರಲಿಲ್ಲ" ಅಂದೆ. ಆ ಸವಾಲು ನನ್ನನ್ನ ಎಲ್ಲೂ ಚುಚ್ಚಲಿಲ್ಲ ಅವತ್ತು. ನನ್ನ ಮಾತು ತೆಗದು ಹಾಕಾಕಿ ಇನ್ನೂ ಬಂದಿದ್ದಿಲ್ಲ.

ಅದ ಮಸ್ಕ್ಯಾಗ ಇನ್ನೊಂದು ನಡೀತು. ಮಕ್ಕಳು ನಮಾಜಿನ ದುವಾ ಎಲ್ಲಾ ನೋಟ್‌ಬುಕ್ಕಿನಾಗ ಕನ್ನಡ ಅಕ್ಷರದಾಗ ಬರಕೊಂಡು ಬರಾಕ ಚಾಲೂ ಮಾಡಿದ್ರು. ನಾ ಹಾಳಿ ಹರದು ಒಗೀತಿದ್ದೆ. ಅರಬಿಯಾಗ 'ಹ' ಎರಡು ನಮೂನಿ, 'ಸ' ಮೂರು ನಮೂನಿ, ಕನ್ನಡದಾಗ ಎಲ್ಲಾ ಒಂದ ಆಗ್ತಾವ. ಹೀಂಗ ಬರದ್ರ ಹಾಳಾಗ್ತಾರ ಅಂತ ನನ್ನ ವಾದ. ಆಮ್ಯಾಲೆ ಎಲ್ಲಾ ಫೋನಿಗೆ ಬಂತು. ಮಕ್ಕಳು ಸಬಕ್ ರಿಕಾರ್ಡ್ ಮಾಡಿ ಕಳಿಸ್ತಿದ್ರು, ಹಿಂದ ಕುಕ್ಕರ್ ಸೀಟಿ, ಟಿವಿ, ಬೈಗುಳ ಎಲ್ಲಾ ಬರ್ತಿತ್ತು. ಅಷ್ಟು ಬದಲಾತು. ಈಗ ನಾ ಹಾಳಿ ಹರಿಯೂದಿಲ್ಲ. ಬರಕೊಳ್ರಿ, ಆದ್ರ ಕಿವಿಲೆ ಕೇಳಿ ತಿದ್ದಿಕೊಳ್ರಿ ಅಂತೀನಿ. ಕಿವಿ ದೊಡ್ಡದು ಅನ್ನೂದು ಯಾರು ಕಲಿಸಿದ್ರು ಅಂತ ಕೇಳಿದ್ರ, ಆಕೀನ.

ಮಾಬುಬಿ.

ಆಕಿ ಸಿಂಧನೂರು ಬಾಜೂಕಿನ ಹಳ್ಳಿ ಮುಕ್ಕುಂದದಾಕಿ. ಗಂಡ ಸಿಂಧನೂರಾಗ ಅಕ್ಕಿ ಗಿರಣ್ಯಾಗ ಹಮಾಲಿ. ಮೊದಲು ಭತ್ತದ ನಾಟಿಗೆ ಹೋಗ್ತಿದ್ಲು. ನಮ್ಮ ಸಿಂಧನೂರು ಮಕ್ತಬ್‌ಗೆ ಕಸಾ ಹೊಡದು, ಚಾಪಿ ಹಾಸಿ, ಮಕ್ಕಳಿಗೆ ನೀರು ತುಂಬಿಡಾಕ ಅಂತ ಬಂದಾಕಿ. ನನಗಿಂತ ಹತ್ತು ವರ್ಷ ಸಣ್ಣಾಕಿ. ಅವರಪ್ಪಗ ಕಣ್ಣಿದ್ದಿಲ್ಲ. ಸಣ್ಣಾಕಿದ್ದಾಗ ಅಪ್ಪನ ಕೈ ಹಿಡ್ಕೊಂಡು ತಿರಗ್ಯಾಡಿ, ಅಂವ ಬಾಯಿಪಾಠ ಓದೂದು ಕೇಳಿ ಕೇಳಿ ಕುರಾನಿಂದು ಎಷ್ಟೋ ಭಾಗ ಬಾಯಿಗೆ ಬರ್ತಿತ್ತು. ಪುಸ್ತಕ ಮುಂದಿಟ್ರ ಮೊದಲನೇ ಅಕ್ಷರ ಅಲಿಫ್ ಯಾವುದು ಗೊತ್ತಿಲ್ಲ.

ಒಂದು ದಿನ ನನಗ ಜ್ವರ. ಒಂದು ವಾರ ಹೋಗಲಿಲ್ಲ. ವಾಪಸ್ ಹೋದೆ, ಬಾಗಲಾಗ ನಿಂತೆ. ಈಕಿ ಸಣ್ಣ ಮಕ್ಕಳ ಮುಂದ ಕೆಳಗ ಕುಂತಾಳ. ಮಕ್ಕಳು ಕಟ್ಟಿ ಮ್ಯಾಲೆ ಕುಂತಾರ. ಒಂದು ಹುಡುಗಿ ಬೆರಳಿಟ್ಟು, "ಇದು ಜೀಮ್, ಇದು ಹೇ" ಅಂತ ಈಕಿಗೆ ಕಲಿಸಾಕತ್ತಾಳ.

"ಇದೇನ್ ಹಚ್ಚೀಯಲೇ?"

"ನನಗ ಅಕ್ಷರ ಬರೂದಿಲ್ಲಲ್ರಿ ಆಪಾ. ಅವರಿಗೆ ಬರ್ತಾವ. ಅವರು ನನಗ ಅಕ್ಷರ ಹೇಳಿಕೊಡ್ತಾರ, ನಾ ಅವರಿಗೆ ದನಿ ಹೇಳಿಕೊಡ್ತೀನಿ."

ಹುಡುಗಿ ಬೆರಳಿಡ್ತಾಳ, ಓದ್ತಾಳ, ಈಕಿ ಕಣ್ಣು ಮುಚ್ಚಿ ಕೇಳ್ತಾಳ. ತಪ್ಪಿದ್ರ ತಾ ಅಂದು ತೋರಿಸ್ತಾಳ. ಆ ದನಿ, ಏನ್ ಹೇಳ್ಲಿ, ಗಂಟಲಿನ ತಳದಿಂದ ಬರೂ ಅಕ್ಷರ ಅಲ್ಲಿಂದನ ಬರ್ತಿತ್ತು. ಅದನ್ನ ತರಿಸಾಕ ನನಗ ಮದರಸಾದಾಗ ಒಂದು ವರ್ಷ ಹಿಡದಿತ್ತು. ಆರು ತಿಂಗಳ ಸಬಕ್ ಆ ಮಕ್ಕಳು ಎರಡು ತಿಂಗಳದಾಗ ಮುಗಿಸಿದ್ರು. ಯಾಕಂದ್ರ ಎಲ್ಲಾರೂ ಆಪಾಗ ಕಲಿಸೂ ಆಪಾ ಆಗಿದ್ರು. ಮನ್ಯಾಗೂ ಪಾಠ ಮಾಡಿಕೊಂಡು ಬರ್ತಿದ್ರು, ನಾಳೆ ಮಾಬುಬಿ ಮುಂದ ತಪ್ಪಬಾರದು ಅಂತ.

ಕಮಿಟಿಯವರು ಸಣ್ಣ ಮಕ್ಕಳನ್ನ ಆಕಿಗೇ ಕೊಟ್ರು. ತಾಯಂದಿರು ಬಾಗಲಾಗ ನಿಂತು ಮಾತಾಡೂದು ನನಗ ಕೇಳಸ್ತಿತ್ತು. "ಇವರು ಓದಿದಾರ. ಆದ್ರ ಆಕಿಗೆ ಅಲ್ಲಾ ಕೊಟ್ಟಾನವ್ವಾ."

ಆ 'ಆದ್ರ' ಐತಲ್ಲ, ಅದು ನನ್ನ ಅನ್ನದಾಗ ಬಂದು ಬೀಳ್ತಿತ್ತು. ನನಗ ಮದರಸಾದವರು ಕೊಟ್ಟಿದ್ರು, ಸಿಕ್ಕಾ ಹಾಕಿದ ಸನದು. ಫ್ರೇಮ್ ಹಾಕಿಸಿ ಮಕ್ತಬ್ ಗ್ವಾಡಿಗೆ ಮೊಳಿ ಬಡದಿದ್ದೆ. ಮಂದಿ ಅದರ ಕೆಳಗ ನಿಂತು ಆಕಿನ್ನ ಹೊಗಳ್ತಿದ್ರು.

ಏನೇನು ಮಾಡೀನಿ ಹೇಳ್ತೀನಿ, ಸಣ್ಣದ್ದು ಸಣ್ಣದ್ದು. ಆಕಿ ಮಕ್ಕಳನ್ನ ಬಿಸಲು ಬರೂ ಬಾಗಲಾ ಕಡಿ ಕುಂದರಿಸಿದೆ. ಮಕ್ಕಳು ಮಂದಿ ಮುಂದ ಓದೂ ವರ್ಷದ ಜಲ್ಸಾದಾಗ ಆಕಿ ಹುಡುಗ್ಯಾರ ಹೆಸರು ಆಖರಿಗೆ ಹಾಕಿದೆ, ಮಂದಿ ಎದ್ದು ಹೋಗೂ ಹೊತ್ತಿಗೆ. ಆ ಆಖರಿ ಹುಡುಗಿ ಓದಾಕ ಹತ್ತಿದ್ಲು, ಎದ್ದ ಮಂದಿ ಚಪ್ಪಲ್ ಕೈಯಾಗ ಹಿಡ್ಕೊಂಡು ನಿಂತು ಕೇಳಿದ್ರು. ಮಸೀದಿ ಮೌಲಾನಾ ಸಾಬರು, ನಮ್ಮ ಮ್ಯಾಲಿನವರು, "ಯಾರ ಕಡಿ ಕಲ್ತ ಶಾಗಿರ್ದ್ ಈ ಕೂಸು?" ಅಂದ್ರು. ನಾ, "ನಮ್ಮ ಮಕ್ತಬ್‌ದ್ರಿ" ಅಂದೆ. ಹಿಂದ ಮಾಬುಬಿ ಚಾಪಿ ಸುತ್ತಾಕತ್ತಿದ್ಲು. ಆಕಿಗೆ ಅದು ಕೇಳಿದ್ರೂ ಏನೂ ಅನಿಸಲಿಲ್ಲ. ನನಗ ಅದಕ್ಕೂ ಸಿಟ್ಟು.

ಮೂಸಾ ನಬಿ ಕಥಿ ಗೊತ್ತಲ್ಲ. ಅಂಥಾ ದೊಡ್ಡ ನಬಿಗೆ, ನಿನಗಿಲ್ಲದ ಇಲ್ಮು, ಜ್ಞಾನ, ಇನ್ನೊಬ್ಬನ ಕಡಿ ಐತಿ, ಹೋಗಿ ಕಲಿ ಅಂತ ದೇವರು ಕಳಿಸಿದ. ಮೂಸಾ ಕೈಯಾಗ ಬುತ್ತಿ ಹಿಡ್ಕೊಂಡು ಹೋದ್ರು. ಪ್ರತಿ ವರ್ಷ ಆ ಪಾಠ ತಗೋತಿದ್ದೆ. ಆ ವರ್ಷ ಹಾರಿಸಿಬಿಟ್ಟೆ. ಒಂದು ಹುಡುಗಿ, "ಆಪಾ, ಹಾಳಿ ಎರಡು ತಿರುವೀರಿ" ಅಂದ್ಲು. "ಸುಮ್ನ ಕೂಡು" ಅಂದೆ.

ಇನ್ನ ರೇಷ್ಮಾ ವಿಷಯ. ಎಂಟು ವರ್ಷದ ಕೂಸು. ಗೊರೇಬಾಳದಿಂದ ಆಟೋದಾಗ ಶಾಲಿಗೆ ಬರಾಕಿ, ಅದರ ಸಂಗಟ ಮಕ್ತಬ್‌ಗೂ ಬರ್ತಿತ್ತು. ನನ್ನ ಕಡಿ ಒಂದೂವರೆ ವರ್ಷ ಇತ್ತು, ಒಂದು ಸಾಲು ಸರಿ ಬರ್ತಿದ್ದಿಲ್ಲ. ಅವರಮ್ಮಗ ನಾ ಹೇಳಿದ್ದೆ, "ಇದಕ್ಕ ತಲಿ ಇಲ್ಲ ಬೇ, ಮನಿಗೆಲಸ ಕಲಿಸು." ಬ್ಯಾಸತ್ತು ಮಾಬುಬಿ ಕಡಿ ದಬ್ಬಿದೆ. ಖರೇ ಹೇಳ್ಬೇಕಂದ್ರ, ಆಕಿ ಹೆಸರು ಕೆಡಲಿ ಅಂತನ ದಬ್ಬಿದೆ.

ನಾಕು ದಿನಕ್ಕ ಮಾಬುಬಿ ಆ ಕೂಸಿನ್ನ ಎಬ್ಬಿಸಿ ತನ್ನ ಎಡಗಡಿಯಿಂದ ಬಲಗಡಿಗೆ ಕುಂದರಿಸಿದ್ಲು. ಅವರಮ್ಮ ಬಂದಾಗ ಹೇಳಿದ್ಲು, "ಈ ಕೂಸಿಗೆ ಒಂದು ಕಿವಿ ಕೇಳೂದಿಲ್ಲವ್ವಾ. ದವಾಖಾನಿಗೆ ತೋರಸು." ತೋರಿಸಿದ್ರು. ಖರೇ ಇತ್ತು. ಹುಟ್ಟಿದಾಗಿಂದ ಮನಿಯವರಿಗೂ ಗೊತ್ತಿದ್ದಿಲ್ಲ.

ಆ ತಾಯಿ ಮಕ್ತಬ್ ಬಾಗಲಾಗ ಅಳಾಕತ್ತಿದ್ಲು. "ನಿನಗ ಹೆಂಗ ಗೊತ್ತಾತವ್ವಾ?"

ಮಾಬುಬಿ ನಗ್ತಿದ್ಲು. "ಅಲ್ಲಾನ ಮೆಹರ್ಬಾನಿ. ನಮ್ಮತ್ತಿಗೂ ಒಂದ ಕಿವಿ. ನಾಟಿ ಸಾಲಿನಾಗ ಆಕಿ ಬಾಜೂಕ ನಿಂತು ನಿಂತು ನನಗ ರೂಢಿ ಆಗೇತಿ. ಹಿಂಗ ಕೇಳಾಕ ಮಾರಿ ತಿರುವೂ ಮಂದಿ ನಾ ಬಲ್ಲೆ."

ಇಷ್ಟ ಆಕಿ ಅಂದದ್ದು. ಇದನ್ನ ಚಂದಂಗ ನೆನಪಿಟ್ಕೊಳ್ರಿ. ಆದ್ರ ಓಣ್ಯಾಗ ಏನು ಹಬ್ಬಿತು? ಮಾಬುಬಿ ಕೈ ಮುಟ್ಟಿ ರೋಗ ಹೇಳ್ತಾಳ. ಮಾಬುಬಿ ದುವಾ ಊದ್ತಾಳ. ತಾಯಂದಿರು ದುವಾ ಊದಿಸಿಕೊಳ್ಳಾಕ ಬಾಟ್ಲಿಯಾಗ ನೀರು ತಗೊಂಡು ಬರಾಕ ಚಾಲೂ ಮಾಡಿದ್ರು. ಮಾಬುಬಿ, "ನನಗೇನೂ ಬರೂದಿಲ್ಲ, ಹೋಗ್ರಿ ಯವ್ವಾ" ಅಂತ ಕೈ ಮುಗೀತಿದ್ಲು. ನನ್ನ ಮುಂದ ಒಬ್ರೂ ಬಾಟ್ಲಿ ಹಿಡೀಲಿಲ್ಲ. ಹಿಡದಿದ್ರ ನಾನೂ ಬ್ಯಾಡ ಅಂತಿದ್ದೆ. ಆದ್ರ ಹಿಡೀಬೇಕಿತ್ತಲ್ಲ.

ಒಂದು ಸಂಜಿ ಮೌಲಾನಾ ಸಾಬರ ಕಡಿ ಹೋದೆ. ವಯಸ್ಸಾದವರು, ಸಮಾಧಾನದ ಮನಷ್ಯಾ.

"ಒಂದು ಮಾತು ಹೇಳಬೇಕ್ರಿ. ಹೇಳಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕತ್ತೀನಿ."

"ಹೇಳ್ರಿ ಶಾಹಿದಾಬೀ."

"ಮಾಬುಬಿ ಮಕ್ಕಳಿಗೆ ಹೇಳಾಕತ್ತಾಳ್ರಿ, ತನಗ ಮ್ಯಾಲಿಂದ ಖಬರ್ ಬರ್ತೈತಂತ. ಜಿಬ್ರೀಲ್ ನಬಿಗೆ ಹೇಳಿದಂಗ ತನಗೂ ಹೇಳ್ತಾರಂತ."

ಆ ಮಾತು ಆಕಿ ಅಂದಿದ್ದಿಲ್ಲ. ಪೂರಾ ನಾ ಕಟ್ಟಿದ್ದು.

ಇದನ್ನ ಓದಾಕತ್ತಿದ ಹಿಂದೂ ಅಕ್ಕ ತಂಗೇರಿಗೆ ಒಂದು ಮಾತು ಬಿಡಿಸಿ ಹೇಳ್ತೀನಿ. ಒಬ್ಬರಿಗೆ ದೇವರು ಚಲೋ ಬುದ್ಧಿ ಕೊಟ್ಟಾನ, ಮನಸಿನಾಗ ಒಂದು ವಿಚಾರ ಹಾಕ್ಯಾನ ಅಂದ್ರ ನಮ್ಮಲ್ಲಿ ತಪ್ಪಿಲ್ಲ. ಅದು ಯಾರಿಗರ ಆಗಬಹುದು, ಹೊಲದಾಗ ದುಡಿಯಾಕಿಗೂ ಆಗಬಹುದು. ಆದ್ರ ನಬಿಗೆ ಬಂದಂಗ ದೇವರ ಮಾತು ನನಗ ಬರ್ತೈತಿ ಅನ್ನೂದು ಬ್ಯಾರೆ. ಅದು ಮುಗದ ಬಾಬತ್ತು. ಹಂಗ ಅಂದಾಕಿನ್ನ ಮಕ್ಕಳ ಮುಂದ ಕೂಡಾಕ ಬಿಡೂದಿಲ್ಲ. ಆಕಿ ಇಮಾನಿನ ಮ್ಯಾಲೇ, ನಂಬಿಕಿ ಮ್ಯಾಲೇ ಸವಾಲು ಬರ್ತೈತಿ. ಇದು ನನಗ ಗೊತ್ತಿದ್ದಿಲ್ಲ ಅನ್ನಾಕ ಬರೂದಿಲ್ಲ. ಗೊತ್ತಿದ್ದಕ್ಕ ಆ ಮಾತ ಆರಿಸಿದೆ. ಕಸಾ ಚಂದಂಗ ಹೊಡಿಯೂದಿಲ್ಲ ಅಂತ ಹೇಳಿದ್ರ ಬರೇ ಬೈಸಿಕೋತಿದ್ಲು.

ಮೂರನೇ ದಿನ ಕರದ್ರು. ಮಕ್ತಬ್ ಖೋಲ್ಯಾಗ ಪಡದಾ ಹಾಕಿದ್ರು. ಆ ಕಡಿ ಮೌಲಾನಾ ಸಾಬರು, ಕಮಿಟಿ ಇಬ್ರು. ಈ ಕಡಿ ನಾನು, ಮಾಬುಬಿ. ಆಕಿ ಚಾಪಿ ಅಂಚು ಮುಟಿಗ್ಯಾಗ ಹಿಡ್ಕೊಂಡು ಕುಂತಿದ್ಲು.

ಮೌಲಾನಾ ಸಾಬರು ಸಣ್ಣ ದನಿಲೆ ಕೇಳಿದ್ರು. "ಮಾಬುಬಿ, ನಬಿ ಅಂದ್ರ ಯಾರವ್ವಾ?"

"ದೇವರ ಮಾತು ಬಂದವರ್ರಿ. ಆರಿಸಿಕೊಂಡವರು."

"ಈಗ ಯಾರಿಗರ ಬರ್ತೈತೇನು?"

"ಇಲ್ರಿ. ಮುಗೀತ್ರಿ ಅದು. ನಮ್ಮ ನಬಿಗೆ ಆಖರಿ."

"ನಿನಗ ಏನರ ಬರ್ತೈತಂತ ಮಕ್ಕಳಿಗೆ ಹೇಳಿದ್ಯೇನು?"

"ಯಾ ಅಲ್ಲಾ," ಅಂದ್ಲು. "ನನಗ ನೆನಪಿಲ್ರಿ. ಹಂಗ ನಾ ಹೆಂಗ ಅಂತೀನ್ರಿ?"

ಆಮ್ಯಾಲೆ ನನ್ನ ಹೆಸರು ಬಂತು. "ಶಾಹಿದಾಬೀ, ನೀವು ನಿಮ್ಮ ಕಿವಿಲೆ ಕೇಳೀರೇನು?"

ಆಗ ಒಂದು ಹಾದಿ ಇತ್ತು ನೋಡ್ರಿ. 'ನನಗ ತಪ್ಪು ತಿಳೀತೇನೋ' ಅಂದಿದ್ರ ಸಾಕಿತ್ತು, ನನ್ನ ಮರ್ಯಾದಿನೂ ಉಳೀತಿತ್ತು. ನಾ "ಹೌದ್ರಿ, ಕೇಳೀನಿ" ಅಂದೆ.

ಮಾಬುಬಿ ನನ್ನ ಕಡಿ ತಿರುಗಿದ್ಲು. ಜಗಳ ಆಡ್ತಾಳ ಅನ್ಕೊಂಡೆ. ಜಗಳಕ್ಕ ನಾಕು ಮಾತು ತಯಾರೂ ಮಾಡಿಕೊಂಡಿದ್ದೆ. ಆಕಿ ಪಡದಾ ಕಡಿ ಮಾರಿ ಮಾಡಿ ಅಂದ್ಲು, "ದೊಡ್ಡ ಆಪಾ ಕೇಳೀನಿ ಅಂದ್ರ ನಾ ಅಂದಿರಬೇಕ್ರಿ. ಅವರು ಓದಿದಾರ, ಸುಳ್ಳು ಹೇಳೂದಿಲ್ಲ. ನಂದು ಬಾಯಿಗೆ ಬಂದಂಗ ಮಾತಾಡೂ ಬಾಯಿ. ಯಾವಾಗ ಬಂತೋ ನನಗ ಗೊತ್ತಾಗಿಲ್ಲ."

ತೋಬಾ ಮಾಡಿದ್ಲು, ತಪ್ಪಾತು ಅಂತ ಅಲ್ಲಾನ ಮಾಫಿ ಬೇಡಿದ್ಲು. ಮಾಡದ ತಪ್ಪಿಗೆ, ನನ್ನ ಬಾಜೂಕ ಕುಂತು, ಅಳಕೋತ. ಮೌಲಾನಾ ಸಾಬರು, "ಇನ್ನ ಸ್ವಲ್ಪ ದಿನ ಕಲಿಸೂದು ಬ್ಯಾಡವ್ವಾ" ಅಂದ್ರು. ಆಕಿ ಕೇಳಿದ್ಲು, "ಕಸಾ ಹೊಡೀಬಹುದಲ್ರಿ?"

ಕಮಿಟಿಯವರೊಬ್ರು, "ಸದ್ಯೇಕ ಅದೂ ಬ್ಯಾಡ, ಮಂದಿ ಮಾತಾಡ್ತಾರ" ಅಂದ್ರು. ಆಕಿ ಎದ್ದು ಚಾಪಿ ಸುತ್ತಿ ಮೂಲಿಗಿಟ್ಟು ಹೋದ್ಲು. ಒಂದು ತಿಂಗಳದಾಗ ಗಂಡ ಹೆಂಡ್ತಿ ಮುಕ್ಕುಂದಕ್ಕ ವಾಪಸ್ ಹೋಗ್ಯಾರ ಅಂತ ಸುದ್ದಿ ಬಂತು.

ನನಗ ಖುಷಿ ಆತು. ಸುಳ್ಳ್ಯಾಕ ಹೇಳ್ಲಿ. ಒಂದು ವಾರ ಚಂದ ನಿದ್ದಿ ಬಂತು.

ಆಕಿ ಮಕ್ಕಳೆಲ್ಲಾ ನನ್ನ ಕಡಿ ಬಂದ್ರು. ನಾ ಆಕಿ ಪದ್ಧತಿನ ಹಿಡದೆ, ಮಂದಿ ಹೊಗಳಲಿ ಅಂತ. ಕೆಳಗ ಕುಂತೆ. ಮಕ್ಕಳನ್ನ ಕಟ್ಟಿ ಮ್ಯಾಲೆ ಕುಂದರಿಸಿದೆ. "ನನಗ ಅಕ್ಷರ ಬರೂದಿಲ್ಲ, ನೀ ಕಲಿಸವ್ವಾ" ಅಂದೆ.

ರೇಷ್ಮಾ ನನ್ನ ಮಾರಿ ನೋಡಿತು. "ಆಪಾ, ನಿಮಗ ಬರ್ತಾವ. ಸುಳ್ಳ್ಯಾಕ ಹೇಳ್ತೀರಿ?"

ಬಾಕಿ ಮಕ್ಕಳು ನಕ್ರು. ನಾ ಎದ್ದು ಖುರ್ಚಿ ಮ್ಯಾಲೆ ಕುಂತೆ. ಕೋಲು ಕೈಯಾಗ ತಗೊಂಡೆ. ಒಂದು ವರ್ಷದಾಗ ಅರ್ಧ ಮಕ್ಕಳು ಬಿಟ್ಟುಹೋದ್ರು. ರೇಷ್ಮಾನೂ ಬಿಡ್ತು. ಒದರಿ ಒದರಿ ನನ್ನ ಗಂಟಲು ಹೋತು.

ಮನ್ಯಾಗ ಕುಂತ ಮ್ಯಾಲೆ ನೆನಪು ಬಿಡಲಿಲ್ಲ. ಆಕಿ ಹೋಗಿ ಎರಡು ವರ್ಷದ ಮ್ಯಾಲೆ, ಮನಿಯವರ ಗಾಡಿ ಮ್ಯಾಲೆ ಮುಕ್ಕುಂದಕ್ಕ ಹೋದೆ. ಅವರಿಗೆ ಯಾಕ ಅಂತ ಹೇಳಿದ್ದಿಲ್ಲ. ನಾಟಿ ಹಂಗಾಮು. ಹೊಲದ ಬದುವಿನ ಮ್ಯಾಲೆ ನಿಂತೆ. ಹೆಣ್ಮಕ್ಕಳು ಸಾಲು ಹಿಡದು ಬಗ್ಗಿದ್ರು, ಹಾಡು ನಡದಿತ್ತು. ಮಾಬುಬಿ ಸಾಲಿನ ತುದ್ಯಾಗ ಇದ್ಲು. ಬಾಯಿ ಮುಚ್ಚಿತ್ತು.

ದಂಡಿಗೆ ಬಂದ ಒಬ್ಬಾಕಿ ಮುದುಕಿಗೆ, "ಮಾಬುಬಿ ಆರಾಮ ಅದಾಳೇನು?" ಅಂದೆ.

"ಆರಾಮ ಅದಾಳ. ಆದ್ರ ಮೂಕಿ ಆಗ್ಯಾಳ ನಮ್ಮವ್ವ. ಮೊದಲು ತಮ್ಮ ಕುರಾನ್ ಓದಾಕಿ, ನಾವೆಲ್ಲಾ ಸುಮ್ನಾಗಿ ಕೇಳ್ತಿದ್ದಿವಿ. ಈಗ ಓದು ಅಂದ್ರ, 'ಬಾಯಿ ತಪ್ಪತೈತಿ ಯಕ್ಕಾ, ನಾ ಒಲ್ಲೆ' ಅಂತಾಳ."

ಆಕಿ ನನ್ನ ನೋಡಿ ಕೆಸರಾಗಿಂದ ಬಂದ್ಲು. ಸಲಾಂ ಮಾಡಿದ್ಲು. "ಗಂಟಲು ಹೆಂಗೈತ್ರಿ ಆಪಾ? ಕೆಟ್ಟದ್ದು ಕೇಳಿದೆ," ಅಂದ್ಲು.

"ಮಾಬುಬಿ, ನೀ ಆ ಮಾತು ಅಂದಿದ್ದಿಲ್ಲ."

"ಯಾವ ಮಾತ್ರಿ?"

"ಮ್ಯಾಲಿಂದ ಖಬರ್ ಬರ್ತೈತಿ ಅಂದದ್ದು."

ಆಕಿ ಕಾಲುವಿ ನೀರಾಗ ಕೈ ತೊಳಿಯಾಕ ಕುಂತ್ಲು. ಭಾಳ ಹೊತ್ತು ತೊಳದ್ಲು. "ಒಟ್ಟ ಅಂದಿದ್ದಿಲ್ಲೇನ್ರಿ?"

"ಒಟ್ಟ ಇಲ್ಲ. ನಾ ಕಟ್ಟಿದ್ದು."

"ನಾ ದಿನಾ ಕುಂತು ನೆನಪು ಮಾಡ್ಕೋತಿದ್ನಿ. ಯಾವ ದಿನ ಅಂದೆ, ಯಾವ ಕೂಸಿನ ಮುಂದ ಅಂದೆ. ತಲಿ ಕೆಟ್ಟೈತೇನು ಅಂತ ಮನಿಯವರಿಗೂ ಕೇಳೀನಿ." ನೀರಾಗಿಂದ ಕೈ ತಗದು ನನ್ನ ನೋಡಿದ್ಲು. "ಯಾಕ್ರಿ ಆಪಾ?"

"ಹೊಟ್ಟಿಕಿಚ್ಚಿಗೆ."

"ನನ್ನ ಮ್ಯಾಲೆ? ನನ್ನ ಕಡಿ ಏನೈತ್ರಿ?"

ಮಾಫ್ ಮಾಡು ಅಂದೆ. ಆಕಿ ನನ್ನ ಕೈ ಹಿಡಿಯಲಿಲ್ಲ, ಅಳಲಿಲ್ಲ.

"ಮಾಫಿ ಆಮ್ಯಾಲೆ ನೋಡೂಣ್ರಿ. ಮೊದಲು ಆ ಮಾತು ನನ್ನ ಮ್ಯಾಲಿಂದ ತಗೀರಿ. ಯಾರ್ಯಾರ ಮನಿಗೆ ಹೋಗೇತಿ, ಅವರವರ ಮನಿಗೆ ನೀವ ಹೋಗಿ ತಗೀರಿ. ಬ್ಯಾರೆಯವರನ್ನ ಕಳಿಸಬ್ಯಾಡ್ರಿ." ಅಂದು, ಸೆರಗು ಸಿಗಿಸಿಕೊಂಡು ಸಾಲಿಗೆ ಹೋದ್ಲು.

ಮೌಲಾನಾ ಸಾಬರ ಮುಂದ ಹ್ಯಾಂಗ ಹೇಳಿದೆ ಅನ್ನೂದು ಬರಿಯೂದಿಲ್ಲ. ಅವರು ಬೈಯಲಿಲ್ಲ. "ಒಬ್ಬರ ಮಾತು ಕೇಳಿ ಬಿಟ್ಟೆ, ಮಕ್ಕಳನ್ನ ಒಂದು ಮಾತು ಕೇಳಲಿಲ್ಲ. ನಂದೂ ತಪ್ಪು" ಅಂದ್ರು. ಶುಕ್ರವಾರ ಮೈಕಿನಾಗ, ಮಾಬುಬಿ ಮ್ಯಾಲೆ ಬಂದದ್ದು ಸುಳ್ಳು ಅಂತ ಹೇಳಿದ್ರು. ನನ್ನ ಹೆಸರು ಹೇಳಲಿಲ್ಲ. ಹೇಳ್ರಿ ಅಂತ ನಾನ ಕೇಳಿದ್ದೆ. "ಅದು ನಿಮ್ಮ ಕೆಲಸ ಶಾಹಿದಾಬೀ" ಅಂದ್ರು.

ಆವಾಗಿಂದ ಮನಿ ಮನಿ ತಿರಗಾಕತ್ತೀನಿ. ಚಹಾ ಕೊಡ್ತಾರ, ಕೇಳ್ತಾರ, ಚಹಾದ ಕಪ್ಪು ನನ್ನ ಮುಂದಿಂದ ಸುಮ್ನ ಎತ್ತಿಕೊಂಡು ಹೋಗ್ತಾರ. ಮಾಬುಬಿಯನ್ನ ಕಮಿಟಿಯವರು ವಾಪಸ್ ಕರದಾರ. ಕಸಾ ಹೊಡಿಯಾಕಲ್ಲ, ಕಲಿಸಾಕ. ಬಂದಾಳ. ಹೋದ ವಾರ ಆ ಕಡಿ ಹಾದು ಹೋಗಾಗ ಕಿಡಕ್ಯಾಗ ಕೇಳಿದೆ. ಆಕಿ ಓದೂ ದನಿ, ಹಿಂದ ಮಕ್ಕಳ ದನಿ. ಹೊಟ್ಟಿಕಿಚ್ಚು ಹೋತೇನು ಅಂತ ಕೇಳ್ತೀರಿ. ಇಲ್ಲ. ನಿಂತೆ, ಪೂರಾ ಕೇಳಿದೆ, ಉರಕೋತನ ಕೇಳಿದೆ. ಇಪ್ಪತ್ತಾರು ವರ್ಷದಾಗ ನನ್ನ ಮಕ್ಕಳು ಹಂಗ ಎಂದೂ ಓದಿಲ್ಲ. ದೇವರು ಆಕಿಗೆ ಕೊಟ್ಟದ್ದು ನನಗ್ಯಾಕ ಕೊಡಲಿಲ್ಲ ಅಂತ ಇವತ್ತೂ ಕೇಳ್ತೀನಿ. ಬಾಯಿ ಮಾತ್ರ ಮುಚ್ಕೊಂಡು ಕೇಳ್ತೀನಿ. ಮಾಫ್ ಮಾಡೀನಿ ಅಂತ ಆಕಿ ಇನ್ನೂ ಅಂದಿಲ್ಲ.

ಅದಕ್ಕ ಈ ಬರಹ. ಹೊಸದಾಗಿ ಆಪಾ ಆದವರು, ಶಾಲಿ ಟೀಚರ್‌ಗಳು, ಅಂಗನವಾಡಿಯವರು, ಯಾರರ ಆಗ್ಲಿ, ನಿಮ್ಮ ಬಾಜೂಕ ಇಂಥಾಕಿ ಒಬ್ಬಾಕಿ ಇದ್ರ, ಆಕಿ ಬಗ್ಗೆ ನೀವು ಏನು ಅಂದ್ರಿ, ಯಾರ ಮುಂದ ಅಂದ್ರಿ, ಆಮ್ಯಾಲೆ ಏನಾತು, ಕೆಳಗ ಕಾಮೆಂಟಿನಾಗ ಬರೀರಿ. ಚಂದ ಮಾಡಿ ಬರಿಯಬ್ಯಾಡ್ರಿ, ಆದದ್ದ ಬರೀರಿ. ಇನ್ನ ಸಿಂಧನೂರು, ಗೊರೇಬಾಳ, ಮುಕ್ಕುಂದದವರು ಯಾರರ ಇದನ್ನ ಓದಾಕತ್ತಿದ್ರ, ಮಾಬುಬಿ ಬಗ್ಗೆ ಆ ಮಾತು ನಿಮಗ ಯಾರು ಹೇಳಿದ್ರು, ನೀವು ಮುಂದ ಯಾರಿಗೆ ಹೇಳಿದ್ರಿ, ಅವರ ಮನಿ ಯಾವ ಓಣ್ಯಾಗ ಐತಿ, ನನಗ ಮೆಸೇಜ್ ಮಾಡ್ರಿ. ಆ ಮನಿಗೂ ನಾ ಹೋಗಬೇಕು.